ಹುಳುಮನೆಯಲ್ಲಿ ಹಾವಿನ ಉಪವಾಸ

ನನ್ನ ಮದುವೆಯಲ್ಲಿ ಹೆಣ್ಣಿನ ಕಡೆಯಿಂದ ಬಂದ ಸಾಮಾನು ಇಷ್ಟು: ಒಂದು ಬೀರು, ಒಂದು ಮಂಚ, ಎರಡು ಕೊಳದಪ್ಪಲೆ, ಒಂದು ಹಾವು. ಮೊದಲ ಮೂರರ ವಿಚಾರ ಮಾತುಕತೆಯ ದಿನವೇ ಹಿರಿಯರ ಸಮಕ್ಷಮದಲ್ಲಿ ಇತ್ಯರ್ಥವಾಗಿತ್ತು. ನಾಲ್ಕನೆಯದರ ವಿಚಾರವನ್ನು ಯಾರೂ ಎತ್ತಿರಲಿಲ್ಲ. ನಂಜನಗೂಡಿನ ನನ್ನ ಬಾಡಿಗೆ ಮನೆಯ ಮುಂದೆ ಟೆಂಪೊ ನಿಂತಾಗ ನನ್ನ ಹೆಂಡತಿ ಎಲ್ಲರಿಗಿಂತ ಮೊದಲು ಇಳಿದು, ಬಾಯಿಗೆ ಬಟ್ಟೆ ಕಟ್ಟಿದ ಒಂದು ಅಗಲ ಮಡಕೆಯನ್ನು ಎದೆಗವಚಿಕೊಂಡು ಒಳಗೆ ಹೋದಳು. ಉಪ್ಪಿನಕಾಯಿ ಇರಬೇಕೆಂದು ನಾನು ಸಂತೋಷಪಟ್ಟೆ. ಆ ಸಂತೋಷ ಸಂಜೆಯವರೆಗೂ ಇತ್ತು.

ನನಗೆ ಹಾವೆಂದರೆ ಭಯ. ಅಂಥಿಂಥ ಭಯವಲ್ಲ, ನೆನೆದ ಹಗ್ಗ ಕಂಡರೆ ಒಂದು ಹೆಜ್ಜೆ ಹಿಂದೆ ಇಡುವ, ಪಡವಲಕಾಯಿಯನ್ನು ತೂಗುಹಾಕಿದ ಅಂಗಡಿಯ ಮುಂದೆ ಹಾಯದ, ಶಾಸ್ತ್ರೋಕ್ತವಾದ ಭಯ. ನಮ್ಮ ತಂದೆಗೂ ಇತ್ತು, ಅವರ ತಂದೆಗೂ ಇತ್ತಂತೆ. ಪಿತ್ರಾರ್ಜಿತವಾಗಿ ನನಗೆ ಬಂದ ಆಸ್ತಿ ಅದೊಂದೇ ಆದ್ದರಿಂದ ನಾನು ಅದನ್ನು ಸ್ವಲ್ಪವೂ ಕರಗಿಸದೆ ಕಾಪಾಡಿಕೊಂಡು ಬಂದಿದ್ದೆ.

ಮಡಕೆಯಲ್ಲಿದ್ದದ್ದು ಮಣ್ಣುಮುಕ್ಕ. ಬಾಲವೂ ತಲೆಯಷ್ಟೇ ಮೊಂಡಾಗಿರುವುದರಿಂದ ಎರಡು ತಲೆ ಹಾವು ಎಂದೂ ನಮ್ಮ ಕಡೆ ಕರೆಯುತ್ತಾರೆ. ವಿಷವಿಲ್ಲ, ಹೆಡೆಯಿಲ್ಲ, ಚಪಾತಿ ಲಟ್ಟಣಿಗೆಯಷ್ಟು ದಪ್ಪ, ಸುಟ್ಟ ಇಟ್ಟಿಗೆಯ ಬಣ್ಣ, ದಿನದ ಮುಕ್ಕಾಲು ಪಾಲು ಮಣ್ಣಿನೊಳಗೇ ವಾಸ. ಮದುವೆಗೆ ಮುಂಚಿನ ಬೇಸಿಗೆಯಲ್ಲಿ, ಟಿ. ನರಸೀಪುರದ ಹತ್ತಿರದ ಹಳ್ಳಿಯಲ್ಲಿ, ನನ್ನ ಮಾವನವರ ಹಿಪ್ಪುನೇರಳೆ ತೋಟ ಅಗೆಯುವಾಗ ಗುದ್ದಲಿ ತಾಗಿ ಅದರ ಬೆನ್ನು ಹರಿದಿತ್ತಂತೆ. ಇವಳು ಎತ್ತಿ ತಂದು, ಅರಿಶಿನ ಹಚ್ಚಿ, ಮಡಕೆಗೆ ಮರಳುಮಣ್ಣು ತುಂಬಿ, ಇಲಿ ಮರಿ ಹಾಕಿ ಉಳಿಸಿಕೊಂಡಿದ್ದಳು. ಗಾಯ ಮಾಯ್ದು ಬೆನ್ನ ಮೇಲೆ ಒಂದು ಬಿಳಿ ಗೆರೆ ಮಾತ್ರ ಉಳಿದಿತ್ತು. ಬಿಟ್ಟುಬಿಡೋಣ ಎನ್ನುವ ಹೊತ್ತಿಗೆ ಮದುವೆ ಬಂತು, ಮದುವೆಯ ಗಡಿಬಿಡಿಯಲ್ಲಿ ಹಾವು ಬಿಡುವುದು ಯಾರಿಗೂ ನೆನಪಾಗಲಿಲ್ಲ, ಹೀಗೆ ಅದು ನನ್ನ ಪಾಲಿಗೆ ಬಂತು. ಅಂಥದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ ಎಂಬುದು ತೊಂಬತ್ತರ ದಶಕದ ನಡುವಿನ ಆ ದಿನಗಳಲ್ಲಿ ನಮಗೆ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಇಲ್ಲಿ ಬರೆಯುತ್ತಿರುವುದೆಲ್ಲ ನಡೆದುಹೋಗಿತ್ತು.

ಮೊದಲ ದೀಪಾವಳಿಗೆ ಹೊಸ ಅಳಿಯನಾಗಿ ಮಾವನ ಮನೆಗೆ ಹೋದಾಗ ನಾನೊಂದು ಮಾತಾಡಿದೆ. ಊಟದ ಪಂಕ್ತಿಯಲ್ಲಿ ಯಾರೋ, "ಎಂಗದೆ ಅಳಿಮಯ್ಯ, ನಿಮ್ಮ ಜೊತೆಗೆ ಬಂದ ಹಾವು?" ಎಂದು ಕೆಣಕಿದರು. ಎಲೆಯ ತುಂಬ ಹೋಳಿಗೆ, ಸುತ್ತ ಹತ್ತು ಜನ, ನಾಲಗೆ ಸುಮ್ಮನಿರಲಿಲ್ಲ. "ಅದು ಸತ್ತ ದಿನ ಹೂತು, ಗುಡ್ಡೆಗೆ ನಾನೇ ಮುಂದೆ ನಿಂತು ಹಾಲು ತುಪ್ಪ ಬಿಡ್ತೀನಿ. ನೀವೆಲ್ಲ ಬರಬೇಕು, ಅವತ್ತೂ ಹೋಳಿಗೇನೇ" ಎಂದೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ತುಪ್ಪ ಬಡಿಸುತ್ತಿದ್ದ ನನ್ನ ಹೆಂಡತಿ ನಗಲಿಲ್ಲ. ನನ್ನ ಎಲೆಯ ಹತ್ತಿರ ಬಂದಾಗ ತುಪ್ಪದ ಗಿಂಡಿಯನ್ನು ನೆಟ್ಟಗೆ ಹಿಡಿದು ಮುಂದಕ್ಕೆ ಹೋದಳು.

ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಅವಳಿಗೆ ತರಬೇತಿಯ ಆದೇಶ ಬಂತು. ಪ್ರಾಥಮಿಕ ಶಾಲೆಯ ಮೇಷ್ಟರಗಿತ್ತಿ ಅವಳು. ಬಿಳಿಗೆರೆ ಕಡೆ ಒಂದು ಊರಿನಲ್ಲಿ ಕೆಲಸ. ತರಬೇತಿ ಮಾತ್ರ ಚಿತ್ರದುರ್ಗದ ಕಡೆ. ಸಂಕ್ರಾಂತಿಯ ಹೊತ್ತಿಗೆ ವಾಪಸು. ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ನನಗೆ ಅಪ್ಪಣೆ ಕೊಟ್ಟಳು.

"ವಾರಕ್ಕೊಂದು ಇಲಿ. ಬಟ್ಟಲಲ್ಲಿ ನೀರು. ಮುಟ್ಟಕ್ಕೆ ಹೋಗ್ಬೇಡಿ, ನಿಮ್ಮ ಕೈಲಾಗಲ್ಲ."

"ಸರಿ."

"ನಾನು ಬಂದಾಗ ಅದು ಇರ್ಬೇಕು ರೀ."

"ಅದು ಇನ್ನೆಲ್ಲಿಗೆ ಹೋಗುತ್ತೆ?"

"ಹೋಗೋ ಮಾತಲ್ಲ ನಾನು ಹೇಳಿದ್ದು" ಎಂದಳು. ಬಸ್ಸು ಹೊರಟಿತು.

ತಾಂಡ್ಯದ ಕಾರ್ಖಾನೆಯೊಂದರಲ್ಲಿ ನಾನು ಉಗ್ರಾಣದ ಗುಮಾಸ್ತ. ನಟ್ಟು ಬೋಲ್ಟುಗಳನ್ನು ಎಣಿಸಿ ಒಪ್ಪಿಸುವುದು ನನ್ನ ವೃತ್ತಿ. ಇಲಿ ಹಿಡಿಯುವುದರಲ್ಲಿ ಅನುಭವವಿರಲಿಲ್ಲ. ದಿನಸಿ ಅಂಗಡಿಯವನನ್ನು ಕೇಳಿದೆ. ಅವನು ತಕ್ಕಡಿಯನ್ನು ಕೆಳಗಿಟ್ಟು ನನ್ನನ್ನು ನೋಡಿದ.

"ಏನ್ ಸಾ, ನಾವು ಇಲಿ ಒಂಟೋಗ್ಲಿ ಅಂತ ಬೋನು ಮಡುಗ್ತೀವಿ. ನೀವು ಮನೆಗೆ ಕರ್ಕೊಂಡು ಓಯ್ತೀನಿ ಅಂತೀರಲ್ಲ."

ಕೊಟ್ಟ, ಪಾಪ. ಬೋನಿನ ಸಮೇತ ಕೊಟ್ಟ. ನಾನು ಕಣ್ಣು ಅರ್ಧ ಮುಚ್ಚಿ ಇಲಿಯನ್ನು ಮಡಕೆಗೆ ಇಳಿಸಿ, ಬಟ್ಟೆ ಕಟ್ಟಿ, ಕೈ ತೊಳೆದು, ಮತ್ತೆ ಕೈ ತೊಳೆದು ಕೆಲಸಕ್ಕೆ ಹೋದೆ. ಸಂಜೆ ಬಂದು ನೋಡಿದರೆ ಹಾವು ಮಣ್ಣಿನ ಮೇಲೆ ಚಕ್ಕುಲಿಯಂತೆ ಸುತ್ತಿಕೊಂಡಿತ್ತು. ಇಲಿ ಅದರ ಬೆನ್ನಿನ ಮೇಲೆ ಕೂತು ಮೀಸೆ ತೀಡಿಕೊಳ್ಳುತ್ತಿತ್ತು. ಆ ಇಲಿಯ ಮುಖದಲ್ಲಿದ್ದ ನೆಮ್ಮದಿ ನನ್ನ ಎದೆಗೆ ಚಳಿ ಹಿಡಿಸಿತು.

ಮುಂದಿನ ವಾರವೂ ಹಾಗೆಯೇ. ಅದರ ಮುಂದಿನ ವಾರ ಬೇರೆ ಅಂಗಡಿಯ ಇಲಿ ತಂದೆ, ರುಚಿ ಬದಲಾದರೆ ತಿನ್ನಬಹುದೆಂದು. ಅದಕ್ಕೂ ಅದೇ ಸತ್ಕಾರ. ಕಪಿಲೆ ಹೊಳೆಯ ಕಡೆಯಿಂದ ಬೆಳಗಿನ ಮಂಜು ಬಾಗಿಲವರೆಗೂ ಬರುವ ದಿನಗಳು ಅವು. ಹಾವು ತಣ್ಣಗೆ, ನಿಧಾನಕ್ಕೆ, ಯಾರ ಮೇಲೋ ಮುನಿಸಿಕೊಂಡಂತೆ ಬಿದ್ದಿರುತ್ತಿತ್ತು. ಅದು ಬದುಕಿದೆ ಎಂದು ನಾನು ಹೆದರಿದ್ದು, ಸತ್ತೀತೆಂಬ ಹೆದರಿಕೆಯ ಮುಂದೆ ಏನೂ ಅಲ್ಲ ಎಂದು ಆಗ ಗೊತ್ತಾಯಿತು. ನನ್ನ ಮನಸ್ಸಿನಲ್ಲೇ ಒಂದು ನ್ಯಾಯಾಲಯ ಕೂತಿತು. ಆರೋಪಿ: ಗಂಡ. ಕೊಲ್ಲಲು ಕಾರಣ: ದೀಪಾವಳಿಯ ದಿನ ಹೋಳಿಗೆಯ ಮುಂದೆ ತಾನೇ ಘೋಷಿಸಿದ್ದು. ಸಾಕ್ಷಿಗಳು: ಹತ್ತು ಜನ, ಎಲ್ಲರೂ ನೆಂಟರು. ಆರೋಪಿಯ ಪರವಾಗಿ ಮಾತಾಡಬಲ್ಲವರು: ಒಂದು ಇಲಿ. ಹೆಂಡತಿ ಬಾಯಿ ಬಿಟ್ಟು ಏನೂ ಹೇಳುವವಳಲ್ಲ, ಅದೇ ಭಯ. ಮುಂದಿನ ಮೂವತ್ತು ನಲವತ್ತು ವರ್ಷ ನನ್ನ ಎಲೆಯ ಹತ್ತಿರ ತುಪ್ಪದ ಗಿಂಡಿಯನ್ನು ನೆಟ್ಟಗೆ ಹಿಡಿದು ಮುಂದಕ್ಕೆ ಹೋಗುತ್ತಾಳೆ.

ದನದ ಡಾಕ್ಟರಲ್ಲಿಗೆ ಹೋದೆ. ಒಳ್ಳೆಯವರು. ಮಡಕೆಯೊಳಗೆ ಬಗ್ಗಿ ಬಹಳ ಹೊತ್ತು ನೋಡಿದರು. "ನಾನು ಓದಿರೋದು ಹಸು, ಎಮ್ಮೆ, ಕುರಿ ಕಣ್ರೀ. ಇದರಲ್ಲಿ ಮುಂದೆ ಯಾವುದು, ಹಿಂದೆ ಯಾವುದು ಅಂತ ತೋರಿಸಿ, ಆಮೇಲೆ ನೋಡೋಣ" ಎಂದರು. ನನಗೂ ಅದು ಖಚಿತವಿರಲಿಲ್ಲ. ಇಬ್ಬರೂ ಕಾಫಿ ಕುಡಿದೆವು.

ಭಾನುವಾರ ಅವಳ ಫೋನು. ನಮ್ಮ ಬೀದಿಯ ಎಸ್‌ಟಿಡಿ ಬೂತಿಗೆ ಮಾಡುತ್ತಿದ್ದಳು.

"ತಿಂತಾ?"

"ಇಲ್ಲ."

"ಹೋದ ವಾರ?"

"ಇಲ್ಲ."

"ಅಪ್ಪನ ಹತ್ರ ತಗೊಂಡು ಹೋಗಿ. ನೀವಾಗಿ ಏನೂ ಮಾಡಕ್ಕೆ ಹೋಗ್ಬೇಡಿ" ಎಂದಳು. 'ನೀವಾಗಿ' ಎಂಬುದನ್ನು ಸ್ವಲ್ಪ ಒತ್ತಿ ಹೇಳಿದಳೋ, ನನಗೇ ಹಾಗೆ ಕೇಳಿಸಿತೋ.

ಮುಂದಿನ ಭಾನುವಾರ ಮಡಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಟಿ. ನರಸೀಪುರದ ಬಸ್ಸು ಹತ್ತಿದೆ. ಎರಡೂ ಕೈ ಬಟ್ಟೆಯ ಗಂಟಿನ ಮೇಲೆ. ಕಂಡಕ್ಟರು ಬಂದರು.

"ಏನ್ ಸಾ ಮಡಕೇಲಿ?"

ಸುಳ್ಳು ಹೇಳಲು ಬೇಕಾದಷ್ಟು ಧೈರ್ಯವೂ ಉಳಿದಿರಲಿಲ್ಲ. "ಹಾವು" ಎಂದೆ.

ಬಸ್ಸು ಗೊಳ್ಳೆಂದು ನಕ್ಕಿತು. "ಲಗೇಜ್ ಹಾಕ್ಲಾ, ಇಲ್ಲ ಆಫ್ ಟಿಕೆಟ್ ಹರೀಲಾ?" ಎಂದರು ಕಂಡಕ್ಟರು. ಪಕ್ಕದ ಸೀಟಿನ ಅಜ್ಜಿ, "ಮೊಸರು ಚೆಲ್ಲೀತು ಕಣಪ್ಪಾ, ಗಟ್ಟಿಯಾಗಿ ಇಡ್ಕೋ" ಎಂದು ತಾನೂ ಒಂದು ಕೈ ಕೊಟ್ಟು ಮಡಕೆಯನ್ನು ಹಿಡಿದುಕೊಂಡಿತು. ದಾರಿಯುದ್ದಕ್ಕೂ ಅಜ್ಜಿ ನಿಶ್ಚಿಂತೆಯಿಂದ ತೂಕಡಿಸಿತು. ಪ್ರತಿ ಗುಂಡಿಗೂ ಮಡಕೆಯೊಳಗೆ ಏನೋ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುವುದು ನನ್ನ ತೊಡೆಗೆ ತಿಳಿಯುತ್ತಿತ್ತು. ಸರಿಯದೆ ಇದ್ದಾಗ ಇನ್ನೂ ಹೆಚ್ಚು ಭಯವಾಗುತ್ತಿತ್ತು.

ನನ್ನ ಮಾವನವರು ಸಣಕಲು ಮನುಷ್ಯ. ತಲೆಗೆ ಟವೆಲು, ಬಾಯಲ್ಲಿ ಯಾವಾಗಲೂ ರೇಷ್ಮೆ ಹುಳುವಿನ ಮಾತು. ಭೂಮಿಯ ಮೇಲಿನ ಸಕಲ ಜೀವಿಗಳನ್ನೂ ಅವರು ಹುಳುವಿನ ಮೂಲಕವೇ ಅರ್ಥಮಾಡಿಕೊಂಡಿದ್ದರು, ನನ್ನನ್ನೂ ಸೇರಿಸಿ. ಮಡಕೆಗೆ ಕೈ ಹಾಕಿ ಹಾವನ್ನು ಎತ್ತಿ, ಹೊಟ್ಟೆ ಸವರಿ, ತೀರ್ಪು ಕೊಟ್ಟರು.

"ಇದ್ಕೇನೂ ಆಗಿಲ್ಲ ಅಳಿಮಯ್ಯ. ಜ್ವರಕ್ಕೆ ಕುಂತದೆ, ಅಷ್ಟೆ."

ಹುಳು ಸಾಕುವವರ ಮಾತು ಅದು. ರೇಷ್ಮೆ ಹುಳು ಮೈಯ ಪೊರೆ ಕಳಚುವ ಮುಂಚೆ ಸೊಪ್ಪು ತಿನ್ನುವುದು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು. ಹಾಸು ಒಣಗಿರಲೆಂದು ಸುಣ್ಣದ ಪುಡಿ ಉದುರಿಸಬೇಕು. ಚಳಿಗಾಲವಾದರೆ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಮನೆಯನ್ನು ಬೆಚ್ಚಗಿಡಬೇಕು. ಜ್ವರದಿಂದ ಎದ್ದ ಹುಳು ಹೊಟ್ಟೆಬಾಕನಂತೆ ತಿನ್ನುತ್ತದೆ.

"ಅದೂ ಪೊರೆ ಬುಡ್ತದೆ, ಇವೂ ಪೊರೆ ಬುಡ್ತವೆ" ಎಂದರು ಮಾವ. "ಬೆಚ್ಚಗೆ ಮಡುಗುದ್ರೆ ಏಳ್ತದೆ. ಎದ್ಮೇಲೆ ನೋಡಿ, ನಿಮ್ಮನ್ನೇ ತಿನ್ನಾಕ್ ಬತ್ತದೆ."

"ಮಾವ, ಆ ಕೊನೇ ಮಾತು ಬೇಡವಾಗಿತ್ತು."

ಆಗ ರೇಷ್ಮೆ ಗೂಡು ತೂಗುವ ತಕ್ಕಡಿ ತಂದು ಹಾವನ್ನು ತೂಗಿದರು. ತೂಕದ ಕಲ್ಲುಗಳು ಯಾರದೋ ಮನೆಗೆ ಹೋಗಿದ್ದವು. ಒಂದು ಅಚ್ಚು ಬೆಲ್ಲ, ಅದರ ಮೇಲೊಂದು ನಿಂಬೆಹಣ್ಣು ಇಟ್ಟಾಗ ಸಮಕ್ಕೆ ನಿಂತಿತು. "ಇಷ್ಟು ಅದೆ ಅಂತ ನೆಪ್ಪಿಟ್ಕಳಿ" ಎಂದರು. ಬೆಲ್ಲವನ್ನೂ ನಿಂಬೆಹಣ್ಣನ್ನೂ ಗೋಡೆಯ ಗೂಡಿನಲ್ಲಿ ದೇವರ ಪಟದ ಪಕ್ಕ ಜೋಪಾನವಾಗಿ ಇಟ್ಟೆವು.

ಹುಳುಮನೆಗೆ ಹೊರಗಿನವರನ್ನು ಸೇರಿಸುವುದಿಲ್ಲ. ಒಳಗೆ ಹೋಗುವವರು ಬಾಗಿಲಲ್ಲಿ ಸುಣ್ಣ ತುಳಿದು, ಕೈ ತೊಳೆದು ಹೋಗಬೇಕು. ಬೀಡಿ ಸೇದಿದವರು, ಸೆಂಟು ಹಾಕಿದವರು ಇಣುಕಲೂ ಬಾರದು. ಅಂಥ ಮಡಿಯ ಜಾಗಕ್ಕೆ ನಾನು ಒಂದು ಹಾವು, ಅದರ ಹಿಂದೆ ಬೋನಿನಲ್ಲಿ ಒಂದು ಜೀವಂತ ಇಲಿಯನ್ನು ಹಿಡಿದು ಪ್ರವೇಶ ಮಾಡಿದೆ. ಇಲಿಗೆ ರೇಷ್ಮೆ ಹುಳು ಎಂದರೆ ಕಡಲೆಕಾಯಿ. ನನ್ನ ಅತ್ತೆ ಸೊಪ್ಪಿನ ಕುಕ್ಕೆಯನ್ನು ಅಲ್ಲೇ ಕುಕ್ಕಿದರು.

"ಹುಳಿನ ಮನೇಗೆ ಇಲಿ ತರೋರ್ನ ನಾನು ಈ ಜಲ್ಮದಲ್ಲಿ ಕಂಡಿಲ್ಲ. ನಾವು ಇಲಿ ಬರ್ದಂಗೆ ಕಾವಲು ಕಾಯೋದು, ಇವ್ರು ಕೈಯಾರೆ ಕರ್ಕೊಂಡು ಬರೋದು!"

"ಸುಮ್ಕಿರು, ಅದು ಔಷ್ದಿ" ಎಂದರು ಮಾವ.

ಮಡಕೆಯನ್ನು ಅಗ್ಗಿಷ್ಟಿಕೆಯಿಂದ ಒಂದು ಮಾರು ದೂರ ಇಟ್ಟರು. ನಾನು ನಂಜನಗೂಡಿಗೆ ಮರಳಿದೆ, ಭಾನುವಾರಗಳಲ್ಲಿ ಬರುತ್ತಿದ್ದೆ. ಬೆಚ್ಚಗಾದ ಮೇಲೆ ಹಾವು ಎದ್ದದ್ದು ನಿಜ. ಸುಮ್ಮನೆ ಎದ್ದಿತೆ? ಹಗಲೂ ಇರುಳೂ ಮಡಕೆಯ ಅಂಚು ಹಿಡಿದು ಸುತ್ತತೊಡಗಿತು, ಮೂಗಿನಿಂದ ಬಟ್ಟೆ ಎತ್ತಿ ನೋಡುತ್ತಿತ್ತು. ಸಾವಿರಾರು ಹುಳು ಸೊಪ್ಪು ಮೇಯುವ ಸದ್ದು ಮಳೆ ಹನಿದ ಹಾಗೆ ಸುತ್ತಲೂ ಕೇಳುತ್ತಿರುತ್ತಿತ್ತು; ಅಷ್ಟು ಬಾಯಿಗಳ ನಡುವೆ ಬಾಯಿ ತೆರೆಯದ್ದು ಇದೊಂದೇ. ತಕ್ಕಡಿಯಲ್ಲಿ ಅದರ ತಟ್ಟೆ ಪ್ರತಿ ವಾರ ಸ್ವಲ್ಪ ಮೇಲಕ್ಕೆ ಹೋಗುತ್ತಿತ್ತು. ಮೈ ಮೇಲೆ ಉದ್ದಕ್ಕೆ ಒಂದು ಮಡಿಕೆ ಬಿದ್ದಿತು. ಫೋನಿನಲ್ಲಿ, "ತಿಂತಾ?" "ಇಲ್ಲ."

ಆಮೇಲೊಂದು ಭಾನುವಾರ ನಾನು ಬಸ್ಸಿಳಿಯುವ ಹೊತ್ತಿಗೆ ಮಾವ ರಸ್ತೆಯಲ್ಲೇ ನಿಂತಿದ್ದರು. "ತಿಂತು! ನಿನ್ನೆ ತಿಂತು ಅಳಿಮಯ್ಯ! ಜ್ವರ ಬುಡ್ತು!" ಅತ್ತೆ ಪಾಯಸ ಮಾಡಿದ್ದರು. ಹಳ್ಳಿಯ ಅಂಗಡಿಗೆ ಓಡಿ ಹೋಗಿ ಚಿತ್ರದುರ್ಗಕ್ಕೆ ಫೋನು ಹಚ್ಚಿದೆ. ಅತ್ತ ಕಡೆ ಅವಳು ನಕ್ಕದ್ದು ಕೇಳಿಸಿತು. ಆ ಒಂದು ವಾರ ನಾನು ಮನುಷ್ಯನ ಹಾಗೆ ಉಂಡೆ.

ಅದೇ ವಾರ ಹುಳು ಹಣ್ಣಾದವು. ಅಂದರೆ ಮೇಯುವುದು ಮುಗಿದು, ಗೂಡು ಕಟ್ಟಲು ತಯಾರಾದವು. ಮನೆಯವರೆಲ್ಲ ಆರಿಸಿ ಆರಿಸಿ ಗೂಡು ಕಟ್ಟಿಸುವ ತಟ್ಟೆಯಾದ ಚಂದ್ರಿಕೆಯ ಬಿದಿರು ಸುರುಳಿಗಳಿಗೆ ಬಿಟ್ಟರು. ಗೂಡು ಕಟ್ಟುವಾಗ ಒಣ ಗಾಳಿ ಆಡಬೇಕು, ಬಿಸಿ ಹೊಗೆ ಇರಬಾರದು. ಅಗ್ಗಿಷ್ಟಿಕೆ ಹೊರಗೆ ಹೋಯಿತು, ಕಿಟಕಿಗಳೆಲ್ಲ ತೆರೆದವು, ಮಾರ್ಗಶಿರದ ಚಳಿ ಒಳಗೆ ಬಂತು. ಮಡಕೆ ಇದ್ದಲ್ಲೇ ಇತ್ತು. ಹಾವಿನ ಹೊಟ್ಟೆಯಲ್ಲಿ ಇಲಿಯೂ ಇದ್ದಲ್ಲೇ ಇತ್ತು.

ಮುಂದಿನ ಭಾನುವಾರ ಹೋದಾಗ ವಾಸನೆಯೇ ಎಲ್ಲ ಹೇಳಿತು. ಕೊಳೆತ ಇಲಿಯನ್ನು ಕಾರಿಕೊಂಡು, ಅದರ ಪಕ್ಕದಲ್ಲೇ ಹಾವು ನೆನೆದ ಸೆಣಬಿನ ಹಗ್ಗದಂತೆ ಬಿದ್ದಿತ್ತು. ಬೆನ್ನಿನ ಬಿಳಿ ಗೆರೆ ಒಳಕ್ಕೆ ಕುಸಿದಿತ್ತು. ಮಾವ ಮೂಗಿಗೆ ಟವೆಲು ಹಿಡಿದು ಸುಮ್ಮನೆ ನಿಂತಿದ್ದರು. ಅತ್ತೆ ನನ್ನ ಕಡೆ ನೋಡದೆ ಹೇಳಿದರು: "ದೀಪಾವಳೀಲಿ ಆಡಿದ್ದ ಮಾತು ದೇವ್ರು ಕೇಳಿಸ್ಕಂಡ್ಬುಟ್ಟ."

ಹತ್ತು ಸಾಕ್ಷಿಗಳಲ್ಲಿ ಮೊದಲನೆಯವರು ಹೇಳಿಕೆ ಕೊಟ್ಟಾಯಿತು.

ಮಡಕೆಯ ಮಣ್ಣು ಬದಲಾಯಿಸಿ ಹಾವನ್ನು ಮತ್ತೆ ಮಲಗಿಸಿದರು. ಫೋನಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಸರಿ" ಎಂದಳು. ಅಷ್ಟೇ. ಬೈದಿದ್ದರೆ ಹಿಡಿದುಕೊಳ್ಳಲು ಒಂದು ಕೊಂಬೆಯಾದರೂ ಸಿಗುತ್ತಿತ್ತು.

ಆ ಸಂಜೆ ಮಾವ ಮುಂದಿನ ಬೆಳೆಗೆ ಮೊಟ್ಟೆ ತರಲು ಬಿತ್ತನೆ ಕೋಠಿಗೆ ಹೋಗಿದ್ದವರು ಒದ್ದೆ ಬಟ್ಟೆ ಮುಚ್ಚಿದ ಬುಟ್ಟಿ ಹಿಡಿದು ಬಂದರು. ಗಸಗಸೆಯಂಥ ಮೊಟ್ಟೆಗಳು ಅಂಟಿದ ಕಾಗದಗಳು. ಎಲ್ಲಿಯಾದರೂ ಮನ್ನಣೆ ಸಿಗಲೆಂದು ನಾನು ಬುಟ್ಟಿ ಇಳಿಸಲು ಕೈ ಚಾಚಿದೆ.

"ತಡೀರಿ, ಕೈ ಬಿಸಿ ತಾಗುಸ್ಬೇಡಿ. ಈಗ್ತಾನೆ ಕೋಲ್ಡ್ ಸ್ಟೋರೇಜಿಂದ ಈಚೆಗೆ ಬಂದವೆ. ತಿಂಗ್ಳಾನುಗಟ್ಲೆ ಒಳಗೆ ಸುಮ್ಕೆ ಕುಂತಿದ್ವು."

"ಅಷ್ಟು ದಿನ ಏನೂ ಆಗಲ್ವಾ ಮಾವ?"

"ಏನಾಯ್ತದೆ? ತಣ್ಣಗಿರೋಗಂಟ ಜೀವ ಖರ್ಚಾಗಾಕಿಲ್ಲ. ಕೆಡೋದು ಯಾವಾಗ ಅಂದ್ರೆ, ಒಂದ್ಸಲ ಬಿಸಿ ತೋರ್ಸಿ ಮತ್ತೆ ತಣ್ಣಗೆ ಮಾಡುದ್ರೆ. ಒಳಗೆ ಅರ್ಧ ಕೆಲ್ಸ ಸುರುವಾಗಿರ್ತದೆ ನೋಡಿ, ಅದು ಅಲ್ಲೇ ನಿಂತು ಕೊಳ್ತ್..."

ಮಾತು ಅಲ್ಲಿಗೆ ನಿಂತಿತು. ಮಾವ ಮಡಕೆಯ ಕಡೆ ನೋಡಿದರು. ನಾನೂ ನೋಡಿದೆ. ಅತ್ತೆ ಒಲೆಯ ಮುಂದಿನಿಂದಲೇ, "ಯಾಕೆ, ಇಬ್ರೂ ಜ್ವರಕ್ಕೆ ಕುಂತ್ರಾ?" ಎಂದು ಕೇಳಿದರು.

"ಅಳಿಮಯ್ಯ" ಎಂದರು ಮಾವ. "ನಾವು ಇದನ್ನ ಹುಳ ಅಂದ್ಕಂಡ್ವಿ. ಇದು ಮೊಟ್ಟೆ ಜಾತಿ. ಚಳೀಲಿ ಹಾವು ಎಲ್ಲಾರ ಕಂಡಿದ್ದೀರಾ ನೀವು? ಮಣ್ಣೊಳಗೆ ತಣ್ಣಗೆ ಮಲ್ಗಿರ್ತವೆ. ಇದೂ ಅದ್ನೇ ಕೇಳ್ತಾ ಇತ್ತೇನೋ. ನಾವು ಬೆಂಕಿ ಇಟ್ಟು ಎಬ್ಬರ್ಸುದ್ವಿ, ತಿನ್ನುಸುದ್ವಿ, ಆಮೇಲೆ ಬೆಂಕಿ ಎತ್ಬುಟ್ವಿ."

ಸರಿಯೆನಿಸಿತು. ಸರಿಯೆನಿಸಿದ್ದೇ ತೊಂದರೆ. ಹೊಟ್ಟೆ ಖಾಲಿಯಿರುವ, ಅರ್ಧ ಸತ್ತ ಹಾವನ್ನು ಬೇಕೆಂದೇ ತಣ್ಣನೆಯ ಕತ್ತಲಲ್ಲಿ ಇಟ್ಟು ತಿನ್ನಲು ಏನೂ ಕೊಡದೆ ಇರುವುದು: ಉಳಿಸಲು ಇದೇ ದಾರಿಯಾದರೆ ಕೊಲ್ಲಲೂ ಇದೇ ದಾರಿ. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತದೆ. "ಏನ್ಮಾಡಣ? ನಿಮ್ಮ ಹೆಂಡ್ರು ಹಾವು, ನೀವು ಹೇಳಿ" ಎಂದರು ಮಾವ. ನಾನು ಹೇಳಿದೆ. ನನ್ನ ದನಿ ನನಗೇ ಪರಿಚಯವಿಲ್ಲದವರ ದನಿಯಂತಿತ್ತು: "ತಣ್ಣಗೆ ಇಡೋಣ."

ರಾಗಿ ಕಣಜದ ಹಿಂದೆ, ಬಿಸಿಲು ಬೀಳದ ಮೂಲೆಯಲ್ಲಿ, ಮಣ್ಣಿನ ನೆಲದ ಮೇಲೆ ಮಡಕೆ ಕೂತಿತು. ನೀರಿನ ಬಟ್ಟಲು ಬಿಟ್ಟು ಏನೂ ಇಲ್ಲ. ಇಲಿಗಳು ಕಣಜದ ಸುತ್ತ ನಿರಾತಂಕವಾಗಿ ಓಡಾಡಿಕೊಂಡಿದ್ದವು. ಮೊದಲ ಭಾನುವಾರ ತಕ್ಕಡಿಗೆ ಹಾಕಿದೆವು, ತೂಕ ಇನ್ನಷ್ಟು ಇಳಿದಿರಲಿಲ್ಲ. ಅದರ ಮುಂದಿನ ಭಾನುವಾರ ನೋಡುತ್ತೇವೆ, ಹಾವಿನ ತಟ್ಟೆ ಕೆಳಕ್ಕೆ ಬಂದಿದೆ! ಏನೂ ತಿನ್ನದೆ ತೂಕ ಏರಿದೆ! ನಾನೂ ಮಾವನೂ ಒಬ್ಬರ ಭುಜ ಒಬ್ಬರು ಹಿಡಿದುಕೊಂಡೆವು. ಅತ್ತೆ ಬಂದು ತಕ್ಕಡಿಯಲ್ಲಿದ್ದ ನಿಂಬೆಹಣ್ಣನ್ನು ಎತ್ತಿ ನಮ್ಮ ಮುಖದ ಮುಂದೆ ಹಿಡಿದರು. ಅದು ಒಣಗಿ ಅಡಿಕೆಯಷ್ಟಾಗಿತ್ತು.

"ಇಬ್ರಿಗೂ ಬುದ್ಧಿ ಅದಾ?"

ಅವತ್ತಿನಿಂದ ಬೆಲ್ಲ, ನಿಂಬೆಹಣ್ಣು ಬಿಟ್ಟು ಹೊಳೆಯ ಕಲ್ಲು ಆರಿಸಿ ಇಟ್ಟೆವು. ಕಲ್ಲು ಏರಿಯೂ ಇಲ್ಲ, ಇಳಿದೂ ಇಲ್ಲ. ಹಾವೂ ಹಾಗೆಯೇ. ಅದೊಂದೇ ಸಮಾಧಾನ. ಆದರೆ ಸತ್ತದ್ದು ಕೂಡ ಒಂದೆರಡು ವಾರ ಅಷ್ಟೇ ತೂಗಬಹುದಲ್ಲ ಎಂಬ ಯೋಚನೆ ಬಸ್ಸಿನಲ್ಲಿ ಬರುತ್ತಿತ್ತು, ಬಂದ ಮೇಲೆ ನಂಜನಗೂಡಿನವರೆಗೂ ಇಳಿಯುತ್ತಿರಲಿಲ್ಲ.

ಸಂಕ್ರಾಂತಿಯ ಬೆಳಿಗ್ಗೆ ಅವಳು ನೇರವಾಗಿ ತವರಿಗೆ ಬಂದಳು. ಚೀಲವನ್ನು ಜಗುಲಿಯಲ್ಲಿಟ್ಟು, ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ ಕಣಜದ ಹಿಂದೆ ಕೂತಳು. ಬಟ್ಟೆ ಬಿಚ್ಚಿದಳು. ಮಣ್ಣಿನಿಂದ ಎತ್ತಿದಳು. ಹಾವು ಅವಳ ಎರಡು ಕೈಗಳಿಂದ ಎರಡು ಕಡೆಗೆ ಇಳಿಬಿದ್ದಿತು. ಅಲ್ಲಾಡಲಿಲ್ಲ.

"ಐಸ್ ಆಗಿದೆ ಅಪ್ಪ" ಎಂದಳು. ಎದ್ದು ನಿಂತಳು. ಅಂಗಳದಲ್ಲಿ ಬಿಸಿಲು ಚೆನ್ನಾಗಿ ಬಿದ್ದಿತ್ತು. ಅವಳು ಆ ಕಡೆಗೇ ಹೊರಟಳು.

ನಾನೇನು ಮಾಡಿದೆನೆಂದು ಆಮೇಲೆ ಮಾವ ಹೇಳಿದ ಮೇಲೆ ಗೊತ್ತಾಯಿತು. ಹೊಸಿಲಿಗೆ ಅಡ್ಡ ನಿಂತು, "ಬಿಸಿಲಿಗೆ ತರಬೇಡ!" ಎಂದು ಕಿರುಚಿ, ಹಾವನ್ನು ಅವಳ ಕೈಯಿಂದ ನನ್ನ ಎರಡೂ ಕೈಗಳಿಂದ ಕಿತ್ತುಕೊಂಡಿದ್ದೆನಂತೆ. ನನಗೆ ನೆನಪಿರುವುದು ಅದರ ಮೈ ಮಾತ್ರ: ನೀರಿನ ಗುಡಾಣದ ಹೊರಮೈಯಂತೆ ತಣ್ಣಗೆ, ಒಣಗಿ, ನುಣುಪಾಗಿ, ನಾನು ಅಂದುಕೊಂಡದ್ದಕ್ಕಿಂತ ಭಾರವಾಗಿ.

"ಸತ್ತೋಗಿದೆ, ನನಗೆ ಗೊತ್ತಾಗ್ಬಾರ್ದು ಅಂತ ತಾನೆ ಕಿತ್ಕೊಂಡಿದ್ದು?" ಅವಳ ಕಣ್ಣಲ್ಲಿ ನೀರು ತುಂಬಿತ್ತು. "ಹೇಳ್ಬಿಡಿ ರೀ."

"ಸತ್ತಿಲ್ಲ" ಎಂದೆ. ನಿಜ ಹೇಳಬೇಕೆಂದರೆ ನನಗೆ ಗೊತ್ತಿರಲಿಲ್ಲ. ಮಡಕೆಯಲ್ಲಿ ಮಲಗಿಸಿದೆ. ಮಾವ ಮೊಟ್ಟೆಯ ವಿಚಾರ ಹೇಳಲು ಬಾಯಿ ತೆಗೆದರು; ಅವಳು ಕೇಳಲಿಲ್ಲ. ಮಣ್ಣನ್ನು ಅಂಗೈಯಿಂದ ಸವರಿ ಸವರಿ ಕನ್ನಡಿಯಂತೆ ಮಟ್ಟ ಮಾಡಿದಳು. ಹಾವು ಮಣ್ಣಿನ ಮೇಲೆ ಇತ್ತು. "ಜೀವ ಇದ್ರೆ ಒಳಗೆ ಹೋಗುತ್ತೆ. ನಾಳೆ ನೋಡ್ತೀನಿ" ಎಂದಷ್ಟೇ ಹೇಳಿ ಬಟ್ಟೆ ಕಟ್ಟಿದಳು.

ಆ ಹಬ್ಬದಲ್ಲಿ ನನ್ನ ಗಂಟಲಲ್ಲಿ ಏನೂ ಇಳಿಯಲಿಲ್ಲ. ಹಾವನ್ನು ತೂಗಿದ್ದ ಅಚ್ಚು ಬೆಲ್ಲವನ್ನು ಅತ್ತೆ ಎಳ್ಳಿಗೆ ಹೆಚ್ಚಿ ಹಾಕಿ ಊರಿಗೆಲ್ಲ ಬೀರಿದರು; ಅದನ್ನು ಕಂಡೂ ನಗು ಬರಲಿಲ್ಲ. ಸಾಕ್ಷಿಗಳು ಒಬ್ಬೊಬ್ಬರಾಗಿ ಬಂದು ಎಳ್ಳು ತಿಂದು, "ಎಂಗದೆ ಹಾವು?" ಎಂದು ಕೇಳಿ ಹೋದರು.

ಮರುದಿನ ಬೆಳಿಗ್ಗೆ ಅವಳೇ ಬಟ್ಟೆ ಬಿಚ್ಚಿದಳು. ನಾನು ಮಾವನ ಹಿಂದೆ ನಿಂತಿದ್ದೆ. ಮಣ್ಣಿನ ಮೇಲೆ ಹಾವು ಇರಲಿಲ್ಲ. ಒಂದು ಪಕ್ಕದಲ್ಲಿ ಮಣ್ಣು ಸ್ವಲ್ಪ ಉಬ್ಬಿ, ಒಂದು ಸಣ್ಣ ಬಿರುಕು. ಅವಳು ಬೆರಳಿನಿಂದ ಆ ಬಿರುಕನ್ನು ಮುಟ್ಟಿ, ಹಾಗೇ ಕೂತಳು. ಆಮೇಲೆ ತಿರುಗಿ ನೋಡಿದ್ದು ಮಡಕೆಯನ್ನಲ್ಲ, ನನ್ನ ಕೈಗಳನ್ನು.

"ಬರೀ ಕೈಲಿ ಹಿಡ್ಕೊಂಡ್ರಿ ಅಲ್ವಾ ನೀವು?"

"ಹಿಡ್ಕೊಂಡೆ ಅಂತಾರೆ."

ತಿಂಡಿಗೆ ಕೂತಾಗ ತುಪ್ಪದ ಗಿಂಡಿ ನನ್ನ ಎಲೆಯ ಮೇಲೆ ಬಗ್ಗಿತು. ಸಾಕು ಎಂದರೂ ನಿಲ್ಲಲಿಲ್ಲ.

ಮಡಕೆಯನ್ನು ನಂಜನಗೂಡಿಗೆ ತಂದೆವು. ಉಳಿದ ಚಳಿಯನ್ನೂ ಅದು ತಣ್ಣಗೆ ಕಳೆಯಿತು. ಶಿವರಾತ್ರಿ ದಾಟಿ, ಮಧ್ಯಾಹ್ನದ ಹೊತ್ತು ಹೆಂಚು ಕಾಯತೊಡಗಿದ ಮೇಲೆ ಒಂದು ದಿನ ಮಣ್ಣಿನಿಂದ ಒಂದು ತುದಿ ಎದ್ದಿತು. ತಲೆಯೇ. ನಾಲಗೆ ಚಾಚಿತು. ಬೋನಿಗಾಗಿ ದಿನಸಿ ಅಂಗಡಿಗೆ ಓಡಿದೆ. ಈ ಸಲದ ಇಲಿಗೆ ಮೀಸೆ ತೀಡಲು ಪುರುಸೊತ್ತು ಸಿಗಲಿಲ್ಲ.

ಎರಡು ವರ್ಷದ ಮೇಲೆ ಕಾನೂನು ತಿಳಿದಾಗ, ಅದು ಸಿಕ್ಕಿದ್ದ ತೋಟದ ಬದುವಿನಲ್ಲೇ ಬಿಟ್ಟೆವು. ಈಗ ಎರಡು ಸಾವಿರದ ಇಸವಿಯೂ ದಾಟಿದೆ. ಮಾರ್ಗಶಿರ ಬಂದರೆ ಮಾವ ಆ ಬದುವಿನ ಕಡೆ ಗುದ್ದಲಿ ಹಾಕಲು ಯಾರನ್ನೂ ಬಿಡುವುದಿಲ್ಲ. "ಕುಂತಿರ್ತದೆ, ಎಬ್ಬರುಸ್ಬೇಡಿ" ಎನ್ನುತ್ತಾರೆ.

ಶಿವರಾತ್ರಿಯ ಆಚೆ ಹಾವು ಇಲಿ ತಿಂದ ಆ ದಿನದ ಸಂಜೆಗೆ ಬರುತ್ತೇನೆ. ನಾಲ್ಕು ಗಂಟೆಯ ಮೇಲೆ ಇದ್ದಕ್ಕಿದ್ದಂತೆ ಮೋಡ ಕವಿದು, ಹೊಳೆಯ ಕಡೆಯಿಂದ ತಣ್ಣನೆಯ ಗಾಳಿ ಬೀಸತೊಡಗಿತು. ಅಕಾಲದ ಮಳೆಗಾಳಿ. ಶಾಲೆ ಮುಗಿಸಿ ಅವಳು ಮನೆಗೆ ಬಂದಾಗ ನಾನು ಬನಿಯನ್ನಿನಲ್ಲಿ ನಡುಗುತ್ತ ಮಡಕೆಯ ಪಕ್ಕ ಕೂತಿದ್ದೆ. ಮಡಕೆಯ ಸುತ್ತ ಮದುವೆಯಲ್ಲಿ ಮಾವ ನನಗೆ ಹೊದಿಸಿದ ಜರಿಯ ಶಾಲು.

"ಅಯ್ಯೋ, ಮದುವೆ ಶಾಲು ರೀ ಅದು!"

"ಅದರ ಹೊಟ್ಟೇಲಿ ಇಲಿ ಇದೆ. ಈಗ ತಣ್ಣಗಾದ್ರೆ ಏನಾಗುತ್ತೆ ಗೊತ್ತಾ ನಿನಗೆ?"

"ಗೊತ್ತು. ಸಾವಿರ ಸಲ ಹೇಳಿದೀರ." ಅವಳು ಶಾಲಿನ ತುದಿಯನ್ನು ಮಡಕೆಯ ಕೆಳಗೆ ಸರಿಯಾಗಿ ಸಿಕ್ಕಿಸಿದಳು. "ಬನ್ನಿ, ರೊಟ್ಟಿ ತಟ್ಟಿಕೊಡ್ತೀನಿ. ತುಪ್ಪ ಇದೆ."

"ನೀನು ತಿನ್ನು" ಎಂದೆ. "ಈ ಗಾಳಿ ನಿಲ್ಲೋವರೆಗೆ ನನಗೆ ಹಸಿವಿಲ್ಲ."